ಮೊರೆಯುವ ಕಿವಿಗಳ ನಡುವೆ ನಾನೊಂದು ಫೋನು

ನಾನೊಂದು ಮೊಬೈಲ್ ಫೋನು. ಹುಟ್ಟಿದ್ದು ದೊಡ್ಡದೊಂದು ಕಾರ್ಖಾನೆಯಲ್ಲಿ, ಬಿಳಿ ಕೈಗವಸು ತೊಟ್ಟ ಹುಡುಗಿಯರ ಸಾಲಿನಲ್ಲಿ. ಒಬ್ಬಳು ನನಗೆ ಬಾಯಿ ಕೂರಿಸಿದಳು, ಇನ್ನೊಬ್ಬಳು ಕಿವಿ. ಕೊನೆಯವಳು ನನ್ನನ್ನು ಒಮ್ಮೆ ಕೂಗಿಸಿ, ತಲೆಯಾಡಿಸಿ, ಡಬ್ಬಿಗೆ ಹಾಕಿದಳು.

ಗುಳೇದಗುಡ್ಡದ ವಿರೂಪಾಕ್ಷ ನನ್ನನ್ನು ಕೊಂಡ. ಬೈಕಿನ ಮೇಲಿಂದ ಬೀಳಿಸಿ ಗಾಜು ಒಡೆದ. ತಾನು ಹೊಸದು ತಂದುಕೊಂಡು ನನ್ನನ್ನು ಅಕ್ಕ ದಾಕ್ಷಾಯಣಿಗೆ ಕೊಟ್ಟ. ಹೊಸದು ತಮ್ಮನಿಗೆ, ಒಡೆದದ್ದು ಅಕ್ಕನಿಗೆ. ಆ ಮನೆಯಲ್ಲಿ ಇದನ್ನು ಯಾರೂ ತಪ್ಪೆಂದು ಕಂಡವರಿಲ್ಲ.

ದಾಕ್ಷಾಯಣಿ ಆರನೆಯ ತರಗತಿಗೇ ಶಾಲೆ ಬಿಟ್ಟು ಪವರ್‌ಲೂಮ್ ಶೆಡ್ಡಿನಲ್ಲಿ ಸಣ್ಣ ಕೊಳವೆಗಳಿಗೆ ನೂಲಿನ ಕಂಡಿಕೆ ಸುತ್ತಲು ಕೂತವಳು. ಸಂಜೆ ಮಗ್ಗ ನಿಲ್ಲುತ್ತಿತ್ತು. ಒಂದು ದಿನ ಅವಳ ಕಿವಿಯೊಳಗಿನ ಸದ್ದು ಮಾತ್ರ ನಿಲ್ಲಲಿಲ್ಲ. ಡಾಕ್ಟರು, "ಕಿವಿಮೊರೆತಕ್ಕೆ ಔಷಧ ಇಲ್ಲಮ್ಮ, ಇಂಥವರದೇ ಒಂದು ವಾಟ್ಸಾಪ್ ಗುಂಪಿದೆ, ಸೇರಿಕೋ" ಎಂದರು. ಅವ್ವ ಬೇರೆಯೇ ಹೇಳಿದಳು: "ಓಣ್ಯಾಗ ಬಾಯಿ ಬಿಡಬ್ಯಾಡ. ಕಿವಿ ಕೆಟ್ಟಾಕಿ ಅಂದ್ರ ವರಾ ಬರೂದಿಲ್ಲ."

ಆ ಗುಂಪಿನಷ್ಟು ಜಗಳವನ್ನು ನಾನು ಎಲ್ಲೂ ಹೊತ್ತಿಲ್ಲ. ನಿದ್ದೆಯಿಲ್ಲದವರ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಬ್ಬರು ಧ್ಯಾನ ಮಾಡಿ ಎಂದರೆ ಇನ್ನೊಬ್ಬರು, "ನನ್ನ ಕಿವಿ ಒಂದ್ ತಾಸು ನೀವು ಇಟ್ಕೋರಿ, ಆಮ್ಯಾಲ ಧ್ಯಾನ ಹೇಳ್ರಿ" ಎನ್ನುತ್ತಿದ್ದರು. ನಡುವೆ ಎಣ್ಣೆ ಮಾರುವವರು ಬೇರೆ. ಗುಂಪು ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಸಾಕಾಗಿ, ಎಂದೂ ಜಗಳವಾಡದವಳೆಂದು ದಾಕ್ಷಾಯಣಿಗೆ ಅಧಿಕಾರ ಬಿಟ್ಟುಕೊಟ್ಟರು. ಆಡದಿದ್ದುದು ಸಂಕೋಚದಿಂದ. ಬರೆದು ಬರೆದು ಅಳಿಸಿದ ಅವಳ ಸಿಟ್ಟೆಲ್ಲ ನನಗೆ ಗೊತ್ತಿತ್ತು.

ಗುಂಪಿಗೊಂದು ಕಟ್ಟಳೆಯಿತ್ತು. ತಮ್ಮ ಕಿವಿಯ ಸದ್ದು ಎಂಥದೆಂದು ಯಾರೂ ವರ್ಣಿಸಬಾರದು. ಒಬ್ಬರು ಜೀರುಂಡೆ ಎಂದರೆ ಸಾಕು, ಸಂಜೆಯೊಳಗೆ ಹತ್ತಾರು ಕಿವಿಗಳಲ್ಲಿ ಜೀರುಂಡೆ ಕೂಗುತ್ತದೆ. ಆ ಕಟ್ಟಳೆಯನ್ನು ಬರೆದು ಎಲ್ಲಕ್ಕಿಂತ ಮೇಲೆ ಹಚ್ಚಿದ್ದರು.

ಒಂದು ಮುಂಜಾನೆ ಬನಹಟ್ಟಿಯ ದಾನಪ್ಪ ಎಂಬ ಹೊಸಬ, ವಯಸ್ಸಾದ ನೇಕಾರ, ಧ್ವನಿ ಸಂದೇಶ ಕಳಿಸಿದ. ಒತ್ತಿದ ಕೂಡಲೇ ನನ್ನ ಬಾಯಿಂದ ಸಣ್ಣ, ಚೂಪಾದ ಕೀರಲು ಹೊರಟಿತು. ದಾಕ್ಷಾಯಣಿ ಬೆಂಕಿ ಮುಟ್ಟಿದವಳಂತೆ ನನ್ನನ್ನು ನಿಲ್ಲಿಸಿದಳು. ಗುಂಪು ಹೊತ್ತಿ ಉರಿಯಿತು. ಗದಗಿನ ವಿಮಲಾಬಾಯಿ, "ಇದ್ದ ಸಂಕಟ ಸಾಲ್ದಂತ ಈ ಮುದುಕಂದೂ ನಾವ ಹೊರಬೇಕೇನ್ರಿ" ಎಂದರು. ದಾಕ್ಷಾಯಣಿಯ ಹೆಬ್ಬೆರಳು ದಾನಪ್ಪನ ಹೆಸರಿನ ಮೇಲೆ ನಿಂತಿತು, ಒತ್ತಿತು. ಅವನು ಹೊರಗಾದ. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ಅಂದು ಅವಳು ನನ್ನನ್ನು ಎದೆಗೊತ್ತಿಕೊಂಡು ಓಡಾಡಿದಳು.

ಮಧ್ಯಾಹ್ನ ದಾನಪ್ಪನ ನಂಬರಿನಿಂದ ಕರೆ ಬಂತು. ಮಾತಾಡಿದವಳು ಅವನ ಹೆಂಡತಿ ಸಂಗವ್ವ.

"ಯವ್ವಾ, ನನ್ನ ಗಂಡನ್ನ ಗುಂಪಿನಿಂದ ತಗದೀರಂತಲ್ಲಾ, ಅಂವಾ ಸುಳ್ಳಾಡ್ತಾನಂತ ನಿಮಗೂ ತಿಳೀತೇನ? ನಾ ಹೇಳೂದೂ ಅದನ್ನ. ಕೆಲಸಾ ಹೇಳಿದ್ರ ಕಿವಿ ಹಿಡ್ಕೊಂಡ್ ಕುಂದರ್ತಾನ."

"ಸುಳ್ಳಂತಲ್ರಿ... ಮ್ಯಾಲ ಬರದೈತಲ್ರಿ, ಸದ್ದು ಹೇಳಬಾರದಂತ..."

"ಅಂವಗ ಓದಾಕ ಎಲ್ಲಿ ಬರತೈತಿ? ಅಂವಾ ಹೇಳಿದ್ದು ಪೂರ್ತಿ ಕೇಳೀಯಿಲ್ಲ ನೀ?"

ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ದಾಕ್ಷಾಯಣಿ ಕರೆ ಇಟ್ಟು, ಹಲ್ಲು ಕಚ್ಚಿ ಆ ಕೀರಲನ್ನು ದಾಟಿಸಿದಳು. ಅದರಾಚೆ, ನನ್ನೊಳಗೆ ಮುಂಜಾನೆಯಿಂದ ಕಾದು ಕುಳಿತಿದ್ದ ದನಿ ಬಂತು.

"ನನ್ನ ಕಿವ್ಯಾಗ ಹಿಂಗ ಐತ್ರಿ. ಮೊಬೈಲ್ ಅಂಗಡಿಯಾಂವನ ಕಡಿಂದ ಮಾಡಿಸೇನಿ. ಮನ್ಯಾಗ ಯಾರೂ ನಂಬವಲ್ರು. ನನ್ನ ಹೇಣ್ತಿ ಇಲ್ಲೇ ಬಾಜೂಕ ಕುಂತಾಳ. ನಿಮ್ಮಾಗ ಯಾರಿಗರೆ ಹಿಂಗ ಆಗತೈತಿ ಅಂದ್ರ, ಹೌದು ಅಂತ ಒಂದ್ ಮಾತ್ ಹೇಳ್ರಿ. ಆಕಿ ಕೇಳ್ತಾಳ."

ದಾಕ್ಷಾಯಣಿಗೂ ಅಕ್ಷರ ಕೂಡಿಸಿ ಕೂಡಿಸಿಯೇ ಓದು. ಓದಲು ಬಾರದವನೊಬ್ಬ ಇರಬಹುದೆಂದು ಅವಳಿಗೇ ಹೊಳೆದಿರಲಿಲ್ಲ. ಅವಳು ಮತ್ತೆ ಕರೆ ಮಾಡಿದಳು. ಈ ಸಲ ದಾನಪ್ಪನೇ ಎತ್ತಿದ.

"ಕಾಕಾ, ನಂದ ತಪ್ಪಾತ್ರಿ," ಅವಳ ದನಿ ನನಗೇ ಸರಿಯಾಗಿ ಕೇಳಲಿಲ್ಲ.

"ಏನಂದಿ? ಜೋರ್ ಹೇಳು ತಂಗಿ, ಕಿವ್ಯಾಗ ಮಿಲ್ ನಡದೈತಿ."

"ತಪ್ಪಾತ್ರಿ."

"ಕೇಳವಲ್ದು."

ಅಂಗಳದಲ್ಲಿ ಅವ್ವ ಪಕ್ಕದ ಮನೆಯವರೊಂದಿಗೆ ಶೇಂಗಾ ಸುಲಿಯುತ್ತಿದ್ದಳು. ದಾಕ್ಷಾಯಣಿ ಬಾಗಿಲ ಕಡೆ ನೋಡಿದಳು. ಕಣ್ಣು ಮುಚ್ಚಿದಳು.

"ನಂದ ತಪ್ಪು, ಕಾಕಾ. ಕಾಕುನೂ ಕೇಳ್ಲಿ. ನೀವು ಹೇಳಿದ್ದು ಖರೆ ಐತಿ. ನನ್ನ ಕಿವ್ಯಾಗೂ ಹಂಗ ಒದರತೈತಿ. ಹಗಲೂ ರಾತ್ರಿ ಒದರತೈತಿ."

ಅಂಗಳದಲ್ಲಿ ಶೇಂಗಾ ಸುಲಿಯುವ ಸದ್ದು ನಿಂತಿತು. ಆ ಕಡೆಯಿಂದ ಸಂಗವ್ವನ ದನಿ ಬಂತು: "ಹಗಲೂ ರಾತ್ರಿ ಏನವ್ವಾ?"

ದಾನಪ್ಪ ಗುಂಪಿಗೆ ಮರಳಿದ. ಕಟ್ಟಳೆಗಳನ್ನು ದಾಕ್ಷಾಯಣಿ ಈಗ ಬಾಯಿಂದಲೂ ಹೇಳಿ ಕಳಿಸುತ್ತಾಳೆ. ಮೊದಲ ಸಲ ಹೇಳುವಾಗ, "ತಗದದ್ದು ನನ್ನ ತಪ್ಪು" ಎಂದು ಎಲ್ಲರೆದುರು ಸೇರಿಸಿದಳು. ಓಣಿಗೆಲ್ಲ ತಿಳಿಯಿತೆಂದು ಅವ್ವ ಹಲವು ದಿನ ಮಾತು ಬಿಟ್ಟಳು.

ಈಗ ನನ್ನ ಬಾಯಿ ಸತ್ತಿದೆ. ಕಿಟಕಿಯ ಕಟ್ಟೆಯ ಮೇಲೆ ಮಲಗಿ, ಅವಳ ಹೊಸ ಫೋನು ಮಾತಾಡುವುದನ್ನು ಕೇಳುತ್ತೇನೆ. ದಾನಪ್ಪ ದಿನಾ ಒಂದೇ ಮಾತು ಕಳಿಸುತ್ತಿದ್ದ: "ಇವತ್ತ ಸಣ್ಣೈತಿ, ತಂಗಿ." ಕಿವಿಮೊರೆತ ದಿನಾ ಸಣ್ಣಗಿರುವುದಿಲ್ಲ. ಅವಳ ಮನಸ್ಸಿಗೆ ನೋವಾಗದಿರಲೆಂದು ಅವನು ಹಾಗೆ ಹೇಳುತ್ತಿದ್ದಾನೆಂದು ಅವಳಿಗೆ ತಿಳಿದಿತ್ತು. ಬೇರೆಯವರಾದರೆ "ಖರೆ ಹೇಳ್ರಿ" ಎನ್ನುತ್ತಿದ್ದಳು. ಒಮ್ಮೆ ತಾನೇ ಹೊರಹಾಕಿದವನಿಗೆ ಹಾಗೆ ಹೇಳುವ ಮುಖ ಅವಳಿಗಿರಲಿಲ್ಲ. ಜಗಳವಿಲ್ಲದ ಮಾತೆಲ್ಲ ನೆಮ್ಮದಿಯ ಮಾತಲ್ಲವೆಂದು ನಾನು ಕಲಿತದ್ದು ಆಗಲೇ.

ನಿನ್ನೆ ಅವನ ದನಿ ಬೇರೆಯಾಗಿತ್ತು. "ತಂಗಿ, ಇವತ್ತ ಬಾಳ ಜೋರೈತಿ. ತಡ್ಕೊಳ್ಳಾಕ ಆಗವಲ್ದು."

ದಾಕ್ಷಾಯಣಿಯ ಮುಖ ಸಡಿಲವಾಯಿತು. ಕೊನೆಗೂ ಅವನು ಅವಳಿಗೆ ನಿಜ ಹೇಳಿದ್ದ. ತುಟಿಯಂಚಿನಲ್ಲಿ ನಗುವೇ ಬಂತು. ಮರುಕ್ಷಣ, ಅವನ ಎಂಥ ಸಂಕಟದ ಮಾತಿಗೆ ತಾನು ಹಗುರಾದೆನೆಂಬುದು ಅವಳಿಗೆ ತಿಳಿಯಿತು. ಮನೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ಆದರೂ ಅವಳು ವೇಲಿನಿಂದ ಮುಖ ಮುಚ್ಚಿಕೊಂಡಳು.