ಸೆಲೆನಿಯಂ ಕೊಂದದ್ದಲ್ಲ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ನಗುತ್ತಾರೆ. ನಮ್ಮ ಸುಮೇಧಾ ಹೊಲಿಸಿದ್ದಷ್ಟೇ ಅಲ್ಲ, ಅದನ್ನು ಊರಿಗೆಲ್ಲ ತೋರಿಸಿಬಿಟ್ಟಳು. ಊರಿಗೆಲ್ಲ ಎಂದರೆ ರಸೂಲಬಿಗೆ.

ಸುಮೇಧಾ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಮಿದುಳಿನ ಗಡ್ಡೆಯ ಜೀವಕೋಶಗಳನ್ನು ಬೆಳೆಸಿ, ಸೆಲೆನಿಯಂ ಸೇರಿದ ಔಷಧಗಳನ್ನು ಅವುಗಳ ಮೇಲೆ ಹಾಕಿ ನೋಡುವವಳು. ಸೆಲೆನಿಯಂ ನಮ್ಮ ಮೈಗೆ ಕಣದಷ್ಟೇ ಬೇಕಾಗುವ ಧಾತು. ಗಡ್ಡೆಯೋ, ವರ್ಷ ತುಂಬುವುದರೊಳಗೆ ಗಟ್ಟಿಮುಟ್ಟಾದ ಆಳನ್ನು ಕೆಡವುವಂಥದ್ದು. ರಸೂಲಬಿ ಅಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದಳು, ಹನ್ನೊಂದಕ್ಕೆ ಚಹಾ ಮಾಡಿಕೊಡುತ್ತಿದ್ದಳು. ಆಕೆಯ ತಮ್ಮ ಗೌಸಮೊದ್ದೀನ, ಉಣಕಲ್ಲಿನ ಮೋಟಾರ್ ಮೆಕ್ಯಾನಿಕ್, ಅದೇ ಗಡ್ಡೆಯ ಆಪರೇಶನ್ ಮಾಡಿಸಿಕೊಂಡು ಮನೆಯಲ್ಲಿದ್ದ. ಆರು ವಾರದೊಳಗೆ ಕರೆಂಟ್ ಕೊಡಿಸಲು ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಕರೆಂಟ್ ಎಂದೇ ಹೆಸರು, ಆ ಹೆಸರಿಗೇ ಅರ್ಧ ಜನ ಅಂಜುತ್ತಾರೆ.

ಜೀವಕೋಶಗಳು ಸತ್ತ ದಿನ ಸುಮೇಧಾ ಹಿಗ್ಗಿ ಹೀರೆಕಾಯಿಯಾಗಿದ್ದಳು. ರಸೂಲಬಿಯ ಒದ್ದೆ ಕೈ ಹಿಡಿದು ಎಳೆದು ತಂದು ಸೂಕ್ಷ್ಮದರ್ಶಕದ ಮುಂದೆ ನಿಲ್ಲಿಸಿದಳು.

"ನೋಡ್ರಿ ಆಪಾ, ಎಲ್ಲಾ ಸತ್ತಾವ. ನಮ್ಮ ಔಷಧ ಕೆಲಸ ಮಾಡ್ಲಿಕ್ಕತ್ತದ."

"ನಮ್ಮ ಗೌಸನ ಗಡ್ಡಿ ಇಂಥಾದ ಏನ್ರಿ ಅಕ್ಕಾರ?"

"ಇಂಥಾದ ರೀ."

"ಮನಷ್ಯಾರಿಗೆ ಯಾವಾಗ ಕೊಡ್ತೀರಿ?"

ಇಲಿಗೆ ಕೊಟ್ಟು ನೋಡಲೇ ವರ್ಷಗಳು ಬೇಕು, ಮನುಷ್ಯರ ಮಾತು ದೂರ ಉಳಿಯಿತು. ಸುಮೇಧಾಗೆ ಇದು ಗೊತ್ತಿತ್ತು. ಆದರೆ ಹಿಗ್ಗಿನಲ್ಲಿ ಬಾಯಿಂದ ಬಂದದ್ದು, "ಲಗೂನ ಬರ್ತದ ರೀ!"

ಅದಾದ ವಾರಕ್ಕೆ ರಸೂಲಬಿ ಬಸಿ ತೊಳೆಯುತ್ತ ಅಂದಳು: "ಅಂವ ಕರೆಂಟ್ ಬ್ಯಾಡಂತ ಕುಂತಾನ್ರಿ. ನಿಮ್ಮ ಔಷಧಾನ ಬರ್ಲಿ ಅಂತಾನ." ಸುಮೇಧಾ, "ಡಾಕ್ಟರ್ನ ಒಂದ್ ಮಾತು ಕೇಳ್ರಿ" ಎಂದು ಮುಖ ಆಚೆ ತಿರುಗಿಸಿದಳು.

ಮುಂದಿನ ಸೋಮವಾರ ಪ್ರಯೋಗವನ್ನು ಮತ್ತೊಮ್ಮೆ ಮಾಡಿದಾಗ ಬಣ್ಣ ಬಯಲಾಯಿತು. ಈ ಔಷಧ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಬೇರೊಂದು ದ್ರಾವಕದಲ್ಲಿ ಕರಗಿಸಿ ಹಾಕಬೇಕು. ಔಷಧ ಹೆಚ್ಚಿದಷ್ಟೂ ದ್ರಾವಕವೂ ಹೆಚ್ಚುತ್ತದೆ. ಅಷ್ಟೇ ದ್ರಾವಕವನ್ನು ಔಷಧವಿಲ್ಲದೆ, ಬರಿದೇ, ಬೇರೆ ಜೀವಕೋಶಗಳಿಗೂ ಹಾಕಿ ನೋಡಬೇಕು. ಹೊಸಬರಿಗೆ ಮೊದಲ ದಿನ ಕಲಿಸುವ ಪಾಠ ಇದು. ಸುಮೇಧಾ ಮೊದಲ ಸಲ, ಜೀವಕೋಶ ಉಳಿತಾಯ ಮಾಡುವ ಅವಸರದಲ್ಲಿ, ಬರೀ ದ್ರಾವಕವನ್ನು ಎಲ್ಲಕ್ಕಿಂತ ಸಣ್ಣ ಪ್ರಮಾಣದಲ್ಲಷ್ಟೇ ಹಾಕಿ ಕೈ ತೊಳೆದುಕೊಂಡಿದ್ದಳು. ಈ ಸಲ ಪೂರ್ತಿ ಹಾಕಿದಳು. ಬರೀ ದ್ರಾವಕ ಬಿದ್ದ ಕಡೆಯೂ ಜೀವಕೋಶಗಳೆಲ್ಲ ಸತ್ತಿದ್ದವು.

ಅವತ್ತೇ ಹೋಗಿ ಗೈಡ್ ಶ್ರೀರಂಗ ಸರ್ ಮುಂದೆ ತಪ್ಪು ಒಪ್ಪಿಕೊಂಡಳು. ಅವರು ಬೈದರು, ವಿಚಾರ ಸಂಕಿರಣಕ್ಕೆ ಕಳಿಸಿದ್ದ ಪ್ರಬಂಧ ಹಿಂತೆಗೆಸಿದರು, ಸಂಜೆಯೊಳಗೆ ಆ ಕೆಲಸ ಮುಗಿಯಿತು. ವಿಜ್ಞಾನದ ಕ್ಷಮೆ ಕೇಳಲು ಒಂದು ತಾಸು ಸಾಕಾಯಿತು. ರಸೂಲಬಿಗೆ ಮಾತ್ರ ನಾಳೆ, ನಾಳೆ. ಚಹಾದ ಕಪ್ಪು ಎದುರಿಗೆ ಬಂದಾಗಲೆಲ್ಲ ಅವಳ ಬಾಯಿಗೆ ಬೀಗ ಬೀಳುತ್ತಿತ್ತು. ಮುಖ ಸುಟ್ಟುಕೊಂಡವರಂತೆ ತಲೆ ತಗ್ಗಿಸಿ ಕುಡಿದು ಕಪ್ಪು ಇಡುತ್ತಿದ್ದಳು.

ಒಂಬತ್ತು ದಿನ ಹೀಗೇ ಹೋದವು. ಬುಧವಾರ ರಸೂಲಬಿ ಚಹಾ ಇಟ್ಟು ಅಲ್ಲೇ ನಿಂತಳು.

"ನಿನ್ನಿಯಿಂದ ಗೌಸಂದು ಎಡಗೈ ಏಳವಲ್ದ್ರಿ. ಔಷಧ ಈ ವಾರ ಸಿಗ್ತೈತೇನ್ರಿ?"

ಸುಮೇಧಾ ಹೇಳಿದಳು. ತೊದಲುತ್ತ, ಅಳುತ್ತ, ಎಲ್ಲವನ್ನೂ. ರಸೂಲಬಿ ಅಳಲಿಲ್ಲ, ಬೈಯಲಿಲ್ಲ.

"ಸರ್ಗೆ ಯಾವಾಗ ಹೇಳಿದ್ರಿ?"

"ಗೊತ್ತಾದ ದಿವಸಾನ. ಹೋದ ವಾರದ ಸೋಮವಾರ."

"ಒಂಬತ್ತ ದಿವ್ಸ ನನ್ನ ಕೈಯಾಗಿನ ಚಾ ಕುಡದ್ರಲ್ರಿ, ಅಕ್ಕಾರ."

ಸುಮೇಧಾಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅದು ಬಾಯಿ ಬಿಡಲಿಲ್ಲ, ರಸೂಲಬಿಯ ಹಿಂದೆ ಅವಳೇ ನಡೆಯಬೇಕಾಯಿತು. ಇಬ್ಬರೂ ಉಣಕಲ್ಲಿಗೆ ಹೋಗಿ ಗೌಸಮೊದ್ದೀನನನ್ನು ಆಟೊದಲ್ಲಿ ಕೂರಿಸಿಕೊಂಡು ಮಧ್ಯಾಹ್ನ ಆಸ್ಪತ್ರೆ ಮುಟ್ಟಿದರು. ದಾರಿಯಲ್ಲಿ ಸುಮೇಧಾ ಅವನಿಗೂ ಎಲ್ಲ ಹೇಳಿದಳು. "ಟ್ರಯಲ್ ನೋಡಲಾರ್ದ ಗಾಡಿ ಕೊಡಬಾರದ್ರಿ ಅಕ್ಕಾರ" ಎಂದಷ್ಟೇ ಅಂದ.

ಡಾಕ್ಟರು ಕಾಗದ ನೋಡಿ ಸಿಡಿದರು. "ಆರು ವಾರ ದಾಟಿ ನಾಲ್ಕು ದಿವಸ ಆತು. ಯಾರ ಮಾತು ಕೇಳಿ ಕುಂತಿದ್ರಿ?"

"ಯಾರದೂ ಇಲ್ರಿ. ನಾನ ಅಂಜಿದ್ನಿ," ಎಂದ ಗೌಸಮೊದ್ದೀನ.

ಅವನು ತನ್ನನ್ನು ಕಾಪಾಡುತ್ತಿದ್ದಾನೆಂದು ಸುಮೇಧಾಗೆ ತಿಳಿಯಿತು. ಒಂದು ಗಳಿಗೆ, ಒಂದೇ ಗಳಿಗೆ, ಸದ್ಯ ಉಳಿದೆ ಎನ್ನಿಸಿತು. ಹಾಗೆನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆ ಬಂತು.

"ನನ್ನ ಮಾತು ಕೇಳಿ ಕುಂತಿದ್ರು ರೀ," ಎಂದಳು. "ಅದು ತಪ್ಪಂತ ಒಂಬತ್ತು ದಿವಸದಿಂದ ಗೊತ್ತಿತ್ತು. ಹೇಳ್ಲಿಲ್ಲ."

ಡಾಕ್ಟರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅವತ್ತ ಹೇಳಿದ್ದರ ಇನ್ನೂ ಐದು ದಿವಸ ಕೈಯಾಗ ಇರ್ತಿದ್ದವು," ಎಂದು ಒಂದು ಅರ್ಜಿ ಮುಂದೆ ತಳ್ಳಿದರು. "ನಾಳೆಯಿಂದ ಶುರು ಮಾಡೋಣು. ತಡ ಆದ ಕಾರಣ ಇಲ್ಲಿ ಬರೀರಿ."

ರಸೂಲಬಿಗೆ ಬರೆಯಲು ಬರುತ್ತಿರಲಿಲ್ಲ. ಆಕೆ ಅರ್ಜಿಯನ್ನು ಸುಮೇಧಾಳ ಕಡೆ ಸರಿಸಿದಳು. ಸುಮೇಧಾ ಬರೆದು ಮುಗಿಸಿದ ಮೇಲೆ ರಸೂಲಬಿ ಕೇಳಿದಳು:

"ಏನ ಬರದ್ರಿ?"

"ನನ್ನ ಹೆಸರು."

"ಛಲೋ ಆತು," ಎಂದು ರಸೂಲಬಿ ತಮ್ಮನ ಏಳದ ಎಡಗೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಎದ್ದಳು.