ಸೋಮವಾರ ಹೂಡದ ಗಾಡಿ

ನಾನೊಂದು ಊಟದ ಗಾಡಿ. ಹುಟ್ಟುವಾಗ ಹಾಗಿರಲಿಲ್ಲ. ಕಾರ್ಖಾನೆಯಿಂದ ಹೊರಬಂದಾಗ ನನಗೆ ಮುಂದೊಂದು ಮೂತಿ, ಕೆಳಗೆ ನಾಲ್ಕು ಗಾಲಿ, ಬೆನ್ನ ಮೇಲೆ ತಗಡಿನ ಡಬ್ಬಿ ಇದ್ದವು, ಅಷ್ಟೇ. ಹುಬ್ಬಳ್ಳಿಯ ಬೇಕರಿ ಸಾಹುಕಾರನೊಬ್ಬ ನನ್ನನ್ನು ಕೊಂಡು ಬ್ರೆಡ್ಡು, ಬನ್ನು ಹೊರಿಸಿದ. ಓಡಿಸುವವರು ಬದಲಾಗುತ್ತಿದ್ದರು, ನಾನು ತಿನ್ನುವ ಬೈಗುಳ ಮಾತ್ರ ಬದಲಾಗುತ್ತಿರಲಿಲ್ಲ. ಗೇರು ಬೀಳದಿದ್ದರೂ ನನಗೇ ಬೈಗುಳ, ರಸ್ತೆ ಕೆಟ್ಟಿದ್ದರೂ ನನಗೇ. ಬಣ್ಣ ಮಾಸಿದ ಮೇಲೆ ಆ ಸಾಹುಕಾರ ನನ್ನನ್ನು ಮಾರಿಬಿಟ್ಟ.

ಕೊಂಡವನು ಗದಗ ಸೀಮೆಯ ಒಂದು ತಾಲ್ಲೂಕು ಊರಿನ ವಿರೂಪಾಕ್ಷಪ್ಪ. ಅವನು ನನ್ನ ಪಕ್ಕೆಯನ್ನು ಕೊಯ್ಯಿಸಿ ಕಿಟಕಿ ಮಾಡಿದ, ಒಳಗೆ ಒಲೆ ಇಟ್ಟ, ಹಂಚು ಇಟ್ಟ. ಕೊಯ್ಯುವಾಗ ಜೀವ ಹೋದಂತಾಯಿತು. ಆದರೆ ಅವನ ಹೆಂಡತಿ ಫಕೀರವ್ವ ಮೊದಲ ದಿನ ಒಳಗೆ ನಿಂತು ರೊಟ್ಟಿ ಬಡಿದಾಗ, ಆ ಸಪ್ಪಳಕ್ಕೆ ನನ್ನ ತಗಡೆಲ್ಲ ಅದುರಿ ಒಂದು ಬಗೆಯ ಸಂತೋಷವಾಯಿತು. ಬನ್ನು ಹೊತ್ತಾಗ ಹಾಗೆಂದೂ ಆಗಿರಲಿಲ್ಲ.

ಮೊದಲ ಸೋಮವಾರ ಬಂತು. ನಾನು ಹೊರಡಲು ಸಿದ್ಧನಾಗಿದ್ದೆ. ಫಕೀರವ್ವ ಕೊಡದಲ್ಲಿ ನೀರು ತಂದು ನನ್ನ ಮೈ ತೊಳೆದಳು. ಮೂತಿಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಚೆಂಡುಹೂವು ಸಿಕ್ಕಿಸಿ, ಸುಮ್ಮನೆ ನಿಲ್ಲಿಸಿಬಿಟ್ಟಳು. ವಿರೂಪಾಕ್ಷಪ್ಪ ನಕ್ಕ.

“ಇದಕ್ಕೇನ ಕಾಲು ನೋಯತಾವೇನ?”

“ನಮ್ಮಪ್ಪ ಸೋಮವಾರ ಎತ್ತಿಗೆ ನೊಗ ಹಚ್ಚಿದವನಲ್ಲ,” ಎಂದಳು ಅವಳು. “ಇದೂ ದುಡಿತೈತಿ. ಇದಕ್ಕೂ ಒಂದ ದಿನ ಬಿಡುವು ಇರಲಿ.”

ಅಂದಿನಿಂದ ನನಗೆ ಬಸವ ಎಂಬ ಹೆಸರಾಯಿತು. ಅಲ್ಲಿಯವರೆಗೆ ನನಗೆ ನಂಬರು ಬಿಟ್ಟರೆ ಬೇರೆ ಹೆಸರಿರಲಿಲ್ಲ.

ನಾವು ನಿಲ್ಲುತ್ತಿದ್ದುದು ಸರಕಾರಿ ಆಸ್ಪತ್ರೆಯ ಬಾಗಿಲೆದುರು. ಹಳ್ಳಿಗಳಿಂದ ರೋಗಿಗಳನ್ನು ಕರೆತಂದವರು ಬಂದು ರೊಟ್ಟಿ, ಜುಣಕ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ಎಷ್ಟೋ ಮಂದಿಗೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಫಕೀರವ್ವ ಕಿಟಕಿಯಿಂದ ಬಗ್ಗಿ, “ಉಣ್ಣವ್ವ, ನೀ ಗಟ್ಟಿ ಇದ್ದರ ಅವರು ಗಟ್ಟಿ ಆಗತಾರ,” ಎನ್ನುವಳು. ಒಳಗಿದ್ದ ರೋಗಿಗೆಂದು ಕೇಳಿದವರಿಗೆ ಗಂಜಿ ಪುಕ್ಕಟೆ. ಅದಕ್ಕೆಂದೇ ಒಂದು ಪಾತ್ರೆ ನನ್ನ ಮೂಲೆಯಲ್ಲಿ ಸದಾ ಬೆಚ್ಚಗಿರುತ್ತಿತ್ತು.

ವಿರೂಪಾಕ್ಷಪ್ಪ ಎದೆನೋವಿನಿಂದ ತೀರಿಕೊಂಡ. ಗಾಡಿ ಮಾರಿಬಿಡು ಎಂದು ನಂಟರೆಲ್ಲ ಅಂದರು. ಅವಳು ಮಾರಲಿಲ್ಲ. ನಮ್ಮ ಪಕ್ಕದಲ್ಲೇ ಚಹಾದ ಗಾಡಿ ನಿಲ್ಲಿಸುತ್ತಿದ್ದ ಮಕ್ಬೂಲ್ ಸಾಬ್ ಅವಳನ್ನು ಸಂತೆಯ ಬಯಲಿಗೆ ಕರೆದೊಯ್ದು ಗಾಡಿ ಓಡಿಸುವುದನ್ನು ಕಲಿಸಿದ. ಸೆರಗು ಸೊಂಟಕ್ಕೆ ಕಟ್ಟಿ, ಹಲ್ಲು ಕಚ್ಚಿ, ಅವಳು ನನ್ನನ್ನು ಒಂದು ಬೇವಿನ ಮರಕ್ಕೆ ಗುದ್ದಿದಳು. ಇಳಿದು ಮೊದಲು ಸವರಿದ್ದು ತನ್ನ ಹಣೆಯನ್ನಲ್ಲ, ನನ್ನ ಮೂತಿಯನ್ನು. ಅಂಥವಳಿಗೆ ದುಡಿಯದೆ ಇನ್ಯಾರಿಗೆ ದುಡಿಯಲಿ?

ಹೀಗಿರುವಾಗ ಆಸ್ಪತ್ರೆಯ ರಸ್ತೆಯಲ್ಲಿ ಗಾಡಿಗಳು ಹೆಚ್ಚಿದವು. ಪಾನಿಪುರಿ, ಗೋಬಿ, ಐಸ್‌ಕ್ರೀಮು, ಎರಡೂ ಕಡೆ ಸಾಲು. ಒಂದು ಮಧ್ಯಾಹ್ನ ಹೆರಿಗೆ ನೋವಿನ ಹೆಂಗಸನ್ನು ತಂದ ಆಂಬುಲೆನ್ಸು ನಮ್ಮ ನಡುವೆ ಸಿಕ್ಕಿಕೊಂಡು ಕೂಗತೊಡಗಿತು. ಜನ ಗಾಡಿಗಳನ್ನು ಕೈಯಿಂದ ತಳ್ಳಿ ದಾರಿ ಮಾಡಿದರು. ಕೂಸು ಆಸ್ಪತ್ರೆಯ ಮೆಟ್ಟಿಲ ಮೇಲೇ ಹುಟ್ಟಿತು, ಬದುಕಿತು. ಆದರೂ ನನಗೆ ನಾಚಿಕೆಯಾಯಿತು. ಆಮೇಲೆ ಪುರಸಭೆ ಕಟ್ಟುನಿಟ್ಟು ಮಾಡಿತು: ಗೋಡೆಯ ಪಕ್ಕ ಹಳದಿ ಬಣ್ಣದಲ್ಲಿ ಎಳೆದ ಕೆಲವು ಚೌಕಗಳಲ್ಲಷ್ಟೇ ಗಾಡಿ ನಿಲ್ಲಬೇಕು, ಉಳಿದವು ಕೆರೆಯಾಚೆಯ ಬಯಲಿಗೆ ಹೋಗಬೇಕು. ಈ ನಿಯಮ ತಪ್ಪೆಂದು ನಾನಂತೂ ಹೇಳುವುದಿಲ್ಲ.

ಚೌಕಗಳು ಹಳಬರಿಗೆ ಎಂದರು. ಯಾರು ನಿತ್ಯ ನಿಲ್ಲುತ್ತಾರೆಂದು ವಾರದೊಳಗೆ ಬಂದು ನೋಡುತ್ತೇವೆ ಎಂದು ಆಟೋದಲ್ಲಿ ಸಾರಿದರು. ಯಾವ ದಿನವೆಂದು ಹೇಳಲಿಲ್ಲ. ಬಂದದ್ದು ಸೋಮವಾರ. ನಾನು ಮನೆಯ ಮುಂದೆ ಹೂವು ಮುಡಿದು ನಿಂತಿದ್ದೆ.

ಮರುದಿನ ಫಕೀರವ್ವ ಆರೋಗ್ಯ ನಿರೀಕ್ಷಕ ಹಂಚಿನಾಳ ಸಾಹೇಬರನ್ನು ರಸ್ತೆಯಲ್ಲೇ ತಡೆದಳು.

“ನಿನ್ನೆ ಎಲ್ಲಿದ್ದಿಯವ್ವ?”

“ಸೋಮವಾರ ನನ್ನ ಗಾಡಿಗೆ ಬಿಡುವುರಿ.”

ಸಾಹೇಬರು ಅವಳನ್ನೂ ನನ್ನನ್ನೂ ನೋಡಿದರು. “ಗಾಡಿಗೆ ಎಂಥಾ ಸೋಮವಾರವ್ವ? ಮಕ್ಬೂಲ್ ಸಾಬೂ ಹೇಳಿದ, ನೀ ದಿನಾ ಇರತೀ ಅಂತ. ಆದರ ನಿಂತ ಗಾಡಿಯ ಫೋಟೋ ಹೊಡದೇವಿ. ಇಲ್ಲದ ಗಾಡಿ ಹೆಂಗ ತೋರಿಸಲಿ?”

ಅವರು ಕೆಟ್ಟವರಲ್ಲ. ಹೇಳುವಾಗ ಅವರ ಮುಖವೂ ಸಣ್ಣಗಾಗಿತ್ತು.

ನಾವು ಕೆರೆಯಾಚೆಗೆ ಹೋದೆವು. ಅಲ್ಲಿ ಸಂಜೆ ಗಾಳಿಗೆಂದು ಬರುವವರಿಗೆ ಗೋಬಿ ಬೇಕು, ರೊಟ್ಟಿ ಬೇಡ. ಒಳಗೆ ರೋಗಿಯನ್ನು ಬಿಟ್ಟು ಅಷ್ಟು ದೂರ ನಡೆದು ಯಾರು ಉಣ್ಣಲು ಬರುತ್ತಾರೆ? ಗಂಜಿ ತಣ್ಣಗಾಗಿ ಕೆನೆಗಟ್ಟುತ್ತಿತ್ತು. ಅವಳು ಅದನ್ನು ಚೆಲ್ಲುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಹಂಚಿನಾಳ ಸಾಹೇಬರೇ ಬಯಲಿಗೆ ಬಂದರು.

“ಫಕೀರವ್ವ, ಐಸ್‌ಕ್ರೀಮಿನಾವ ಊರು ಬಿಟ್ಟ. ಒಂದು ಚೌಕ ಖಾಲಿ ಆಗೇತಿ. ನಿನಗ ಕೊಡಬೇಕಂತ ನಾನೇ ಹೇಳೇನಿ. ಪುರಸಭಾ ಸಮಿತಿಯವರು ನೋಡಾಕ ಬಂದಾಗ ಗಾಡಿ ಅಲ್ಲಿ ನಿಂತಿರಬೇಕು, ಅಷ್ಟ.”

“ಯಾವಾಗ ಬರತಾರ್ರಿ?”

ಸಾಹೇಬರು ನೆಲ ನೋಡಿದರು. “ಸಮಿತಿ ಕೂಡೂದ ಸೋಮವಾರ. ಅದು ನನ್ನ ಕೈಯಾಗಿಲ್ಲ.”

ಆ ಸೋಮವಾರ ಬೆಳಿಗ್ಗೆ ಅವಳು ನನಗೆ ವಿಭೂತಿ ಹಚ್ಚಲಿಲ್ಲ. ಬಾಗಿಲು ತೆರೆದು ಒಳಗೆ ಕುಳಿತು ಕೀಲಿ ಹಾಕಿದಳು. ನಾನು ಒಳಗೊಳಗೇ ಕೂಗುತ್ತಿದ್ದೆ: ತಿರುಗಿಸು ತಾಯಿ, ನಾನು ಕಬ್ಬಿಣ, ನನಗೆ ಯಾವ ವಾರವೂ ಗೊತ್ತಾಗುವುದಿಲ್ಲ, ಒಂದೇ ಏಟಿಗೆ ಹೊರಡುತ್ತೇನೆ. ಕೀಲಿ ಹಿಡಿದ ಅವಳ ಕೈ ಮಾತ್ರ ಹಾಗೇ ಇತ್ತು.

ಮಕ್ಬೂಲ್ ಸಾಬ್ ಅವಸರದಿಂದ ಬಂದ. “ತಂಗೆವ್ವ, ಸಮಿತಿಯವರು ಹೊಂಟಾರ. ಇದೊಂದ ಸಲ ನಡಿ. ದೇವರು ಸಿಟ್ಟು ಮಾಡಂಗಿಲ್ಲ.”

“ದೇವರ ಅಂಜಿಕಿ ಅಲ್ಲಣ್ಣ,” ಎಂದಳು. “ಬಾಯಿ ಇಲ್ಲದ್ದಕ್ಕ ಒಂದ ದಿನ ಕೊಟ್ಟೇನಿ. ನನಗ ಅಡಚಣಿ ಬಂತಂತ ಹೆಂಗ ಕಸಗೊಳ್ಳಲಿ?”

ಕೀಲಿ ಕಿತ್ತುಕೊಂಡು ಇಳಿದಳು. ಮನೆಯೊಳಗಿನಿಂದ ವಿಭೂತಿ ತಂದು ಹಚ್ಚಿದಳು. ಆ ಚೌಕ ಹಣ್ಣಿನ ರಸದ ಗಾಡಿಗೆ ಹೋಯಿತು.

ಬಯಲಿನ ವ್ಯಾಪಾರ ನನ್ನ ಎಣ್ಣೆಯ ಖರ್ಚಿಗೂ ಸಾಲದಾಗಿ, ಈಗ ನಾನು ಅವಳ ಹಿತ್ತಲಲ್ಲಿದ್ದೇನೆ. ಗಾಲಿಗಳ ಗಾಳಿ ಇಳಿದಿದೆ, ನನ್ನ ಅಡಿಯಲ್ಲಿ ಕೋಳಿಗಳು ಮಲಗುತ್ತವೆ. ಗುಜರಿಯವನು ಬಂದು ಕೇಳಿದ, ಅವಳು ಕೊಡಲಿಲ್ಲ. ಮನೆಯಲ್ಲೇ ರೊಟ್ಟಿ ಬಡಿದು, ಬುಟ್ಟಿ ತಲೆಯ ಮೇಲೆ, ಗಂಜಿಯ ಪಾತ್ರೆ ಕೈಯಲ್ಲಿ ಹಿಡಿದು ನಡೆದೇ ಆಸ್ಪತ್ರೆಗೆ ಹೋಗುತ್ತಾಳೆ. ಬುಟ್ಟಿ ಗಾಡಿಯಲ್ಲವಲ್ಲ, ಅದನ್ನು ಯಾರೂ ತಡೆಯುವುದಿಲ್ಲ. ಹೊರುವುದಕ್ಕೇ ಹುಟ್ಟಿದ ನಾನು ನಿಂತು ನೋಡುತ್ತೇನೆ. ಅವಳ ಕುತ್ತಿಗೆ ಈಚೆಗೆ ಒಂದು ಕಡೆ ವಾಲಿದೆ.

ಅವಳು ಸೋಮವಾರವೂ ಹೋಗುತ್ತಾಳೆ. ಮೊನ್ನೆ ಮಕ್ಬೂಲ್ ಸಾಬ್ ಬೈದ. “ಗಾಡಿಗೆ ಬಿಡುವು ಕೊಟ್ಟಾಕಿ, ನಿನಗೊಂದ ದಿನ ಬ್ಯಾಡೇನವ್ವ?”

ಅವಳು ಬುಟ್ಟಿ ಸರಿಮಾಡಿಕೊಂಡಳು. “ನನಗ ಬಾಯಿ ಐತಲ್ಲಣ್ಣ. ನೋವಾದರ ಹೇಳತೇನಿ.”

ಇದುವರೆಗೆ ಅವಳು ಒಮ್ಮೆಯೂ ಹೇಳಿಲ್ಲ.