ಟ್ರಸ್ಟಿಯ ಸಂಬಳಕ್ಕೂ ಮಿತಿ ಉಂಟು

ಬೂಟಿನ ಕಾರ್ಖಾನೆ ದಿವಾಳಿಯಾಗಿ ಬಾಗಿಲು ಹಾಕಿದಾಗ ಹೊಲಿಗೆಯಾಕೆಗೆ ಮೂರು ತಿಂಗಳ ಸಂಬಳ ಬರಬೇಕಿತ್ತು. ಅದು ಹೋದರೂ ತಡೆದುಕೊಳ್ಳುತ್ತಿದ್ದಳೇನೋ. ತಡೆಯಲಾಗದ್ದು ಬೇರೆ. ಯಂತ್ರ, ಚರ್ಮ, ಕಟ್ಟಡ ಎಲ್ಲ ಮಾರಿ, ದುಡ್ಡು ಬರಬೇಕಾದವರಿಗೆ ಹಂಚಲು ಕೋರ್ಟು ಒಬ್ಬ ಟ್ರಸ್ಟಿಯನ್ನು ನೇಮಿಸಿತ್ತು. ಆ ಟ್ರಸ್ಟಿ ಬೇರೆ ಯಾರೂ ಅಲ್ಲ, ಶಾಲೆಯಲ್ಲಿ ಇವಳ ಪಕ್ಕ ಕೂತು, ಇವಳ ಲೆಕ್ಕ ನೋಡಿ ಬರೆದು ಪಾಸಾದವಳು!

ಈಗ ಅವಳು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಕಾರಿನಿಂದ ಇಳಿಯುತ್ತಾಳೆ, ಕಾವಲುಗಾರ ಎದ್ದು ಗೇಟು ತೆಗೆಯುತ್ತಾನೆ. ಹನ್ನೆರಡು ವರ್ಷ ಅದೇ ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಿ ಒಳಗೆ ಹೋದವಳಿಗೆ ಹೊಟ್ಟೆ ಉರಿಯದೆ ಇದ್ದೀತೇ? ಬಾಕಿ ಸಂಬಳಕ್ಕೆ ಅರ್ಜಿ ಕೊಡಿ ಎಂದು ಬಂದ ನೋಟಿಸನ್ನು ಹೊಲಿಗೆಯಾಕೆ ಎಣ್ಣೆ ಡಬ್ಬಿಯ ಕೆಳಗೆ ಹಾಸಿದಳು. ಸಾಲದ್ದಕ್ಕೆ, ಮಾರಿದ ದುಡ್ಡೆಲ್ಲ ಆ ಟ್ರಸ್ಟಿಯ ಹೊಟ್ಟೆಗೇ ಹೋಗುತ್ತೆ, ಸುಮ್ಮನೆ ಅಲೆಯಬೇಡಿ ಎಂದು ಸಿಕ್ಕ ಸಿಕ್ಕ ಜೊತೆಗಾತಿಯರಿಗೆಲ್ಲ ಹೇಳಿಕೊಂಡು ಬಂದಳು. ಅಟ್ಟೆಗೆ ಗೋಂದು ಹಚ್ಚುತ್ತಿದ್ದ ಗೋಂದು ಚಿಕ್ಕಮ್ಮ ಆ ಮಾತು ನಂಬಿ ದೂರದ ಮಗಳ ಮನೆಗೆ ಹೊರಟುಹೋದಳು.

ಅರ್ಜಿಯ ಕೊನೆಯ ದಿನ ಮಧ್ಯಾಹ್ನ ನಾದಿನಿ ಬಂದಳು. ಆಕೆ ಕೋರ್ಟಿನಲ್ಲಿ ಟೈಪಿಸ್ಟು. ಡಬ್ಬಿಯ ಕೆಳಗಿನ ಕಾಗದ ಅವಳ ಕಣ್ಣಿಗೆ ಬಿತ್ತು.

"ಅತ್ತಿಗೆ, ಇವತ್ತು ಐದು ಗಂಟೆಗೆ ಮುಗಿಯುತ್ತೆ ಇದು. ಯಾಕೆ ಹಾಕಿಲ್ಲ?"

"ಹಾಕಿ ಏನು ಮಾಡ್ಲಿ? ಅವಳು ತಿಂದು ಉಳಿದ್ರೆ ತಾನೇ ನಮಗೆ."

"ಮನಸ್ಸಿಗೆ ಬಂದಷ್ಟು ತಗೊಳ್ಳೋಕಾಗಲ್ಲ ಅತ್ತಿಗೆ. ಕಾನೂನು ಮಿತಿ ಹಾಕಿದೆ. ಹಂಚಿದ ದುಡ್ಡಿನ ಮೇಲೆ ನೂರಕ್ಕೆ ಇಷ್ಟು ಅಂತ. ಮೊತ್ತ ಏರಿದ ಹಾಗೆ ಆ ನೂರರ ಪಾಲು ಇಳಿಯುತ್ತೆ. ಅದೂ ಸುಮ್ಮನೆ ಸಿಗಲ್ಲ, ಏನೇನು ಕೆಲಸ ಮಾಡಿದೆ ಅಂತ ಬರೆದು ಜಡ್ಜ್ ಮುಂದೆ ಇಡಬೇಕು. ಜಾಸ್ತಿ ಅನ್ನಿಸಿದ್ರೆ ಅವರು ಕತ್ತರಿಸ್ತಾರೆ."

ಕತ್ತರಿಸುತ್ತಾರೆ ಎಂದದ್ದೇ ಹೊಲಿಗೆಯಾಕೆಯ ಕಿವಿ ನೆಟ್ಟಗಾಯಿತು. ಹಾಗೆ ಕತ್ತರಿಸಿ ಎಂದು ಯಾರು ಹೇಳಬಹುದು ಎಂದು ಕೇಳಿದಳು. ಅರ್ಜಿ ಹಾಕಿದವರು, ಎಂದಳು ನಾದಿನಿ. ಅವರು ಟ್ರಸ್ಟಿಯ ಬಿಲ್ಲು ನೋಡಬಹುದು, ತಕರಾರು ಎತ್ತಬಹುದು. ಹಾಕದವರ ಪಾಲು ಹಾಕಿದವರಿಗೆ ಹಂಚಿಹೋಗುತ್ತದೆ.

"ನಿಮ್ಮ ಸೂಪರ್‌ವೈಸರ್ ಮೊದಲನೇ ದಿನವೇ ಹಾಕಿ ಹೋದ" ಎಂದೂ ಸೇರಿಸಿದಳು.

ತನ್ನ ಬೆವರಿನ ದುಡ್ಡು, ದಿನಾ ತನ್ನನ್ನು ಗದರಿಸುತ್ತಿದ್ದ ಆ ಸೂಪರ್‌ವೈಸರ್‌ಗೆ ಹೋಗುವುದೇ? ಟ್ರಸ್ಟಿಯ ಮೇಲಿನ ಉರಿಗೆ ಈ ಉರಿಯೂ ಸೇರಿ ಆಕೆಯನ್ನು ಕೂರಲು ಬಿಡಲಿಲ್ಲ. ನಾಲ್ಕೂ ಮುಕ್ಕಾಲಿಗೆ ಅರ್ಜಿ ಒಳಗೆ ಹೋಯಿತು.

ಕೆಲವು ತಿಂಗಳ ಮೇಲೆ ಟ್ರಸ್ಟಿಯ ಬಿಲ್ಲು ಕೋರ್ಟಿಗೆ ಬಂತು. ಹೊಲಿಗೆಯಾಕೆ ಅದನ್ನು ತಿರುವಿ ತಿರುವಿ ಓದಿದಳು. ಒಂದೇ ಓಡಾಟದ ಖರ್ಚು ಎರಡು ಕಡೆ ಬರೆದಿತ್ತು. ಎದ್ದು ನಿಂತು ಹೇಳಿದಳು. ಟ್ರಸ್ಟಿ ತಪ್ಪು ಒಪ್ಪಿಕೊಂಡಳು, ಜಡ್ಜ್ ಅದನ್ನು ಹೊಡೆದುಹಾಕಿದರು. ಮಿಕ್ಕದ್ದೆಲ್ಲ ಮಿತಿಯೊಳಗೇ ಇತ್ತು, ಹೊಲಿಗೆಯಾಕೆಗೆ ಸ್ವಲ್ಪ ನಿರಾಸೆಯೇ ಆಯಿತೆನ್ನಿ. ಎರಡು ತಿಂಗಳ ಸಂಬಳ ಕೈಗೆ ಬಂತು.

ಗೋಂದು ಚಿಕ್ಕಮ್ಮನಿಗೆ ಬಿಡಿಗಾಸೂ ಬರಲಿಲ್ಲ. ಅವಳು ಮರಳಿ ಬರುವಷ್ಟರಲ್ಲಿ ಗಡುವು ಮುಗಿದು ಎಷ್ಟೋ ದಿನವಾಗಿತ್ತು.

"ನೀನು ಬೇಡ ಅಂದೆಯಲ್ಲ, ಅದಕ್ಕೇ ಹಾಕ್ಲಿಲ್ಲ" ಎಂದಳು, ಅಷ್ಟೆ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದು ಹೊಲಿಗೆಯಾಕೆಗೆ ಊಟ ಸೇರಲಿಲ್ಲ.

ನೋಡಿ, ನೀವು ದುಡಿದ ಜಾಗ ದಿವಾಳಿಯಾದರೆ ನೋಟಿಸು ಬಂದ ದಿನವೇ ಓದಿ, ಇಲ್ಲವೇ ಓದಿಸಿ. ಟ್ರಸ್ಟಿಗೆ ಎಷ್ಟು ಸಲ್ಲಬೇಕೆಂಬ ಮಿತಿ ಎಲ್ಲ ಕಡೆ ಒಂದೇ ಅಲ್ಲ, ನಿಮ್ಮಲ್ಲಿ ಎಷ್ಟೆಂದು ಕೋರ್ಟಿನ ಕಚೇರಿಯಲ್ಲಿ ಕೇಳಿ. ಬಿಲ್ಲು ಬಂದಾಗ ಹೋಗಿ ನೋಡಿ. ಯಾರ ಮೇಲಾದರೂ ಹೊಟ್ಟೆಕಿಚ್ಚು ಇದ್ದರೆ ಇರಲಿ ಬಿಡಿ. ಮೊದಲು ಅರ್ಜಿ ಹಾಕಿ ಬನ್ನಿ, ಉರಿದುಕೊಳ್ಳಲು ಆಮೇಲೆ ಬೇಕಾದಷ್ಟು ಹೊತ್ತಿರುತ್ತದೆ.